ದಾರದ ಅಳತೆಗೆ ಸಿಗದ ಕಾಲು

ಸುಬೇದಾರರು ನನ್ನ ಅಂಗಡಿಗೆ ಬಂದಾಗ ಅವರ ಕೈಯಲ್ಲಿ ಇದ್ದದ್ದು ಒಂದು ದಾರ ಮಾತ್ರ. ಎರಡೂ ತುದಿಗೆ ಗಂಟು ಹಾಕಿದ ಬಿಳಿ ನೂಲಿನ ದಾರ. ಅದನ್ನು ಗಾಜಿನ ಕೌಂಟರಿನ ಮೇಲೆ ಉದ್ದಕ್ಕೆ ಚಾಚಿ, ಈ ಅಳತೆಯ ಓಡುವ ಬೂಟು ಬೇಕು, ಎಷ್ಟು ಹಗುರವಿದ್ದರೆ ಅಷ್ಟು ಒಳ್ಳೆಯದು ಎಂದರು.

ಗೋಕಾಕದ ಪೇಟೆಯಲ್ಲಿ ಪಾದರಕ್ಷೆ ಮಾರುವವನಿಗೆ ಇದು ಹೊಸದಲ್ಲ. ನಾಗನೂರ, ಮಮದಾಪುರದ ಕಡೆಯಿಂದ ಸಂತೆಗೆ ಬರುವ ಗಂಡಸರು ಹೆಂಡತಿಯ, ತಾಯಿಯ, ಮಗಳ ಕಾಲನ್ನು ಹೀಗೆ ದಾರದಲ್ಲೋ ಮುರಿದ ಜೋಳದ ದಂಟಿನಲ್ಲೋ ಅಳೆದು ಜೇಬಿಗೆ ಹಾಕಿಕೊಂಡು ಬರುತ್ತಾರೆ. ನಾನು ಅದನ್ನು ನೋಡಿದ ಕೂಡಲೆ ನಂಬರು ಹೇಳುತ್ತೇನೆ, ಸ್ಕೇಲು ಮುಟ್ಟುವುದೂ ಇಲ್ಲ. ಈ ವಿಷಯದಲ್ಲಿ ನನಗೆ ಸೊಕ್ಕಿತ್ತು, ಒಪ್ಪಿಕೊಳ್ಳುತ್ತೇನೆ. ಅಂದೂ ದಾರವನ್ನು ಒಮ್ಮೆ ನೋಡಿ ಐದು ಎಂದೆ.

ಸುಬೇದಾರರು ಸೈನ್ಯದಿಂದ ನಿವೃತ್ತರಾಗಿ ಬಂದು ಹುಕ್ಕೇರಿ ತಾಲೂಕಿನ ದಡ್ಡಿಯಲ್ಲಿ ಊರಿನ ನಾಲ್ಕೈದು ಹುಡುಗಿಯರಿಗೆ ಓಟ ಕಲಿಸುತ್ತಿದ್ದವರು. ಅವರಲ್ಲಿ ಒಬ್ಬಳಿಗಾಗಿ ಈ ಬೂಟು. ಹುಡುಗಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು. ಇನ್ನು ಹತ್ತೊಂಬತ್ತು ದಿನಕ್ಕೆ ಮೂಡಲಗಿಯ ಮೈದಾನದಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ನಡೆಯುವುದಿತ್ತು. ಐದು ಸಾವಿರ ಮೀಟರ್ ಓಟ, ಮೊದಲ ಇಬ್ಬರಿಗೆ ಮಾತ್ರ ಜಾಗ. ಹೋದ ವರ್ಷ ಆಕೆ ಮೂರನೆಯವಳಾಗಿ ಬಂದಿದ್ದಳು. ಎರಡನೆಯವಳಿಗೂ ಆಕೆಗೂ ನಡುವೆ ಒಂದು ಮಾರು ಅಂತರ. ಓಟ ಮುಗಿದಾಗ ಎರಡೂ ಹಿಮ್ಮಡ ಸುಲಿದು ಸಾಕ್ಸು ರಕ್ತವಾಗಿತ್ತಂತೆ. ಭಾರದ ಬೂಟು ಕಾಲಿಗೆ ಸಡಿಲವಾಗಿ, ಹೆಜ್ಜೆಹೆಜ್ಜೆಗೂ ಹಿಂದೆ ಜಾರುತ್ತಿತ್ತು ಎಂದು ಸುಬೇದಾರರು ಹೇಳಿದರು. ಕಾಲೇಜು ಮುಗಿದರೆ ಇನ್ನೊಂದು ಸಲ ಓಡುವ ಅವಕಾಶವಿಲ್ಲ.

ಸಡಿಲ ಎಂಬ ಆ ಮಾತನ್ನು ನಾನು ಅಲ್ಲಿಯೇ ಹಿಡಿಯಬೇಕಿತ್ತು. ಕಿವಿ ಕೊಟ್ಟೆ, ತಲೆ ಕೊಡಲಿಲ್ಲ.

ಬೆಳಗಾವಿಯ ಸಗಟು ವ್ಯಾಪಾರಿಗೆ ಫೋನ್ ಮಾಡಿದೆ. ಹೆಂಗಸರ ಓಟದ ಹಗುರ ಬೂಟು ಆತನ ಬಳಿ ಐದನೇ ನಂಬರಿನದು ಒಂದೇ ಜೊತೆ, ನಾಲ್ಕರದು ಒಂದೇ ಜೊತೆ ಇದ್ದವು. ಎರಡನ್ನೂ ತರಿಸಿದೆ. ಡಬ್ಬಿ ಬಿಚ್ಚಿ ಕೈಗೆ ತೆಗೆದುಕೊಂಡರೆ ನಂಬುವುದೇ ಕಷ್ಟ, ಮೇಲೆಲ್ಲ ತೆಳ್ಳನೆಯ ಜಾಳಿಗೆ ಬಟ್ಟೆ, ಕೆಳಗೆ ಬೆಂಡಿನಂಥ ಸೋಲು. ಪಕ್ಕದ ಕರದಂಟಿನ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಆತ ಗೊಣಗುತ್ತ ಕೆಳಗೆ ಎರಡು ಹಾಳೆ ಪೇಪರ್ ಹಾಸಿದ. ಒಂದು ಬೂಟು ಇನ್ನೂರು ಗ್ರಾಮಿಗೂ ಕಡಿಮೆ. ಹುಡುಗಿಯ ಹಳೆಯ ಬೂಟಿನ ತೂಕ ಅದರ ಒಂದೂವರೆ ಪಟ್ಟು ಎಂದು ಆಮೇಲೆ ತಿಳಿಯಿತು. ಐದರ ಜೊತೆಯನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ದಡ್ಡಿಗೆ ಕಳಿಸಿ, ಕೆಲಸ ಮುಗಿಯಿತೆಂದು ಕೈ ತೊಳೆದುಕೊಂಡೆ.

ನಾಲ್ಕನೆಯ ದಿನ ಸುಬೇದಾರರು ಹುಡುಗಿಯನ್ನೇ ಕರೆದುಕೊಂಡು ಬಂದರು. ಮತ್ತೆ ಹಿಮ್ಮಡ ಸುಲಿದಿತ್ತು. ಅವಳು ಬೂಟು ತೊಟ್ಟಾಗ ನೋಡಿದರೆ ಲೇಸು ಎಷ್ಟು ಎಳೆದರೂ ಹಿಂಭಾಗ ಕಾಲನ್ನು ಹಿಡಿಯುವುದಿಲ್ಲ, ನಡೆದರೆ ಹಿಮ್ಮಡ ಮೇಲೇಳುತ್ತದೆ. ಸಡಿಲವೆಂದರೆ ನಂಬರು ದೊಡ್ಡದು, ಅಂಗಡಿಯ ಲೆಕ್ಕ ಅಷ್ಟೇ. ನಾಲ್ಕರ ಜೊತೆ ತೆಗೆದು ಮುಂದಿಟ್ಟೆ.

ಬೂಟು ತೊಟ್ಟವರ ಹೆಬ್ಬೆರಳು ಎಲ್ಲಿದೆ ಎಂದು ಮೇಲಿನಿಂದ ಒತ್ತಿ ನೋಡಬೇಕು, ಅದು ಕಲಿಯುವ ಮೊದಲ ಪಾಠ. ನಾನು ಬಗ್ಗಿ ಕೈ ಚಾಚಿದೆ. ಹುಡುಗಿ ಬೆಂಕಿ ತಾಗಿದವಳ ಹಾಗೆ ಕಾಲು ಹಿಂದಕ್ಕೆಳೆದುಕೊಂಡಳು.

"ಬ್ಯಾಡ್ರಿ ಕಾಕಾ. ನೀವು ದೊಡ್ಡಾವ್ರು, ನನ್ನ ಕಾಲು ಮುಟ್ಟಬಾರದ್ರಿ. ನನಗ ಪಾಪ ಬರತೈತಿ."

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಮ್ಮಲ್ಲಿ ಕಿರಿಯರು ಹಿರಿಯರ ಕಾಲು ಮುಟ್ಟುತ್ತಾರೆ, ಹಿರಿಯರು ಕಿರಿಯರ ಕಾಲು ಮುಟ್ಟುವುದಿಲ್ಲ. ಅದರಲ್ಲೂ ಗಂಡಸು, ಪರರ ಮನೆಯ ಹೆಣ್ಣುಮಗಳ ಕಾಲನ್ನು. ಅಂಗಡಿಯಲ್ಲಿ ಹೆಂಗಸರು ತಾವೇ ತೊಟ್ಟು ನೋಡುತ್ತಾರೆ, ನಾನು ಕೌಂಟರಿನ ಆಚೆ ನಿಂತು ಕೇಳುತ್ತೇನೆ. ಅಂದೂ ಹಾಗೇ ಮಾಡಿದೆ. ಬೆರಳು ಮುಂದೆ ತಾಗುತ್ತದೆಯೇ ಎಂದು ಕೇಳಿದೆ. ಇಲ್ಲರೀ ಎಂದಳು, ಮುಖ ಎತ್ತದೆ. ಬೂಟು ಬದಲಿಸಿಕೊಂಡು ದೊಡ್ಡವರಿಗೆ ತೊಂದರೆ ಕೊಟ್ಟೆನೆಂಬ ಸಂಕೋಚ ಅವಳ ಮುಖದಲ್ಲೇ ಇತ್ತು. ನನಗೂ ಅದು ಕಂಡಿತು. ಆದರೂ ಇಲ್ಲ ಎಂದ ಮೇಲೆ ಇಲ್ಲ ಎಂದುಕೊಂಡು ಐದರ ಜೊತೆಯನ್ನು ವಾಪಸು ಇಟ್ಟುಕೊಂಡು ನಾಲ್ಕನ್ನು ಕೊಟ್ಟು ಕಳಿಸಿದೆ.

ಓಟಕ್ಕೆ ಎಂಟು ದಿನ ಇರುವಾಗ ಸುಬೇದಾರರ ಫೋನ್ ಬಂತು. ಎರಡೂ ಹೆಬ್ಬೆರಳಿನ ಉಗುರು ಕಪ್ಪಗಾಗಿ, ಎಡಗಾಲಿನದು ಅರ್ಧ ಎದ್ದುಬಂದಿತ್ತು. ಮೂರು ದಿನದಿಂದ ಹುಡುಗಿ ಓಡಿರಲಿಲ್ಲ. ಅದಕ್ಕೂ ಮುಂಚೆ ನೋವು ಮುಚ್ಚಿಟ್ಟುಕೊಂಡು ಎರಡು ದಿನ ಓಡಿದ್ದಳು.

"ಸಾವಕಾರ್ರ, ನೀವು ಚಪ್ಪಲಿ ಮಾರ್ಕೊಂಡು ಇರ್ರಿ. ಓಡೋರ ಕಾಲು ನಿಮಗ ತಿಳಿಯೂದಿಲ್ಲ. ಆಕಿ ಹಳೇ ಬೂಟಿನ್ಯಾಗ ಓಡತಾಳ."

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಐದು ಸಡಿಲ, ನಾಲ್ಕು ಬಿಗಿ ಎಂದರೆ ದೋಷ ಬೂಟಿನದಲ್ಲ, ಆ ಹುಡುಗಿಯ ಕಾಲಿನದು ಎಂದು ಅಂದುಬಿಟ್ಟೆ. ಅವರು ಫೋನ್ ಇಟ್ಟರು. ಆ ದಿನವೆಲ್ಲ ಗಿರಾಕಿಗಳ ಮೇಲೆ ಸಿಡಿಮಿಡಿ ಮಾಡಿದೆ. ಸಂಜೆ ಕದ ಎಳೆಯುವ ಹೊತ್ತಿಗೆ ಸಿಟ್ಟು ಇಳಿದು ನಾಚಿಕೆ ಬಂತು. ಇಷ್ಟು ವರ್ಷ ಕಾಲಿನ ಅನ್ನ ಉಂಡವನು ಕಾಲಿಗೇ ದೋಷ ಹೇಳಿದೆನಲ್ಲ ಎನ್ನಿಸಿತು. ಇನ್ನೊಂದು ಹೆದರಿಕೆಯೂ ಇತ್ತು. ಹಳೆಯ ಬೂಟಿನಲ್ಲಿ ಓಡಿದರೆ ಅವಳು ಮತ್ತೆ ಮೂರನೆಯವಳು, ಅದೂ ಈ ಸಲ ನನ್ನಿಂದ ಮೂರು ದಿನದ ಅಭ್ಯಾಸ ಕಳೆದುಕೊಂಡವಳು.

ಮರುದಿನ ನಸುಕಿನಲ್ಲೇ ಮೋಟರ್‌ಸೈಕಲ್ ಹತ್ತಿದೆ. ಚೀಲದಲ್ಲಿ ಐದರ ಜೊತೆ, ದರ್ಜಿಯ ಟೇಪು, ಬಿಳಿ ಹಾಳೆ, ಪೆನ್ಸಿಲು, ಎರಡು ನಮೂನೆಯ ಒಳಹಾಸು. ದಡ್ಡಿ ತಲುಪಿದಾಗ ಹೊಳೆಯ ಕಡೆಯ ರಸ್ತೆಯಲ್ಲಿ ಸುಬೇದಾರರು ಕೈಯಲ್ಲಿ ಗಡಿಯಾರ ಹಿಡಿದು ನಿಂತಿದ್ದರು. ಹುಡುಗಿ ಹಳೆಯ ಬೂಟಿನಲ್ಲಿ ನಿಧಾನ ಓಡುತ್ತಿದ್ದಳು. ಅವರು ನನಗೆ ನಮಸ್ಕಾರ ಹೇಳಲಿಲ್ಲ. ನಾನೂ ಕಾಯಲಿಲ್ಲ, ನಿನ್ನೆ ಆಡಿದ ಮಾತು ತಪ್ಪಾಯಿತು ಎಂದೆ. ಅವರು ಹೋಗು ಎನ್ನಲಿಲ್ಲ.

ಹುಡುಗಿ ಓಡಿ ಬಂದು ತನ್ನ ಮನೆಯ ಕಟ್ಟೆಯ ಮೇಲೆ ಕೂತಳು. ಬೂಟು ಬಿಚ್ಚು ಎಂದು ಹೇಳಿ ನಾನು ಕೆಳಗೆ ನೆಲದ ಮೇಲೆ ಕೂತೆ. ಅವಳು ಕಾಲು ಸೀರೆಯ ಅಂಚಿನಡಿ ಬಚ್ಚಿಟ್ಟುಕೊಳ್ಳುವವರ ಹಾಗೆ ಒಳಗೆ ಮಡಚಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಅವಳ ತಾಯಿಯೂ, ಅಯ್ಯ, ಮ್ಯಾಲ ಕುಂದರ್ರಿ ಎಂದು ಕಳವಳಪಟ್ಟರು.

"ತಂಗಿ, ಡಾಕ್ಟರ್ ಕಾಲು ಮುಟ್ಟಿದ್ರ ನಿನಗ ಪಾಪ ಬರತೈತೇನು? ಬಂದ್ರ ಅದು ನನಗ ಇರಲಿ. ಮೊನ್ನೆ ಮುಟ್ಟಲಿಲ್ಲ ಅಂತನ ನಿನ್ನ ಉಗುರು ಹೋತು."

ಅವಳು ತಾಯಿಯ ಮುಖ ನೋಡಿದಳು. ತಾಯಿ, ಕಾಲು ಕೊಡು ಎಂದರು. ಹುಡುಗಿ ಕಣ್ಣು ಮುಚ್ಚಿಕೊಂಡು ಕಾಲು ಮುಂದೆ ಮಾಡಿದಳು.

ಎರಡು ಕೈಯಲ್ಲಿ ಹಿಡಿದ ಕೂಡಲೆ ತಿಳಿಯಿತು. ಉದ್ದ ಐದೇ, ಅದರಲ್ಲಿ ನಾನು ತಪ್ಪಿರಲಿಲ್ಲ. ಆದರೆ ಅಂಥ ಕಿರಿದಾದ ಕಾಲನ್ನು ನಾನು ನೋಡಿರಲಿಲ್ಲ. ಬೆರಳುಗಳ ಬುಡದಲ್ಲಿ ಟೇಪು ಸುತ್ತಿದರೆ ಐದರ ಕಾಲಿಗೆ ಇರಬೇಕಾದ್ದಕ್ಕಿಂತ ಎರಡು ಬೆರಳು ಕಡಿಮೆ. ಹಿಮ್ಮಡವಂತೂ ನನ್ನ ಮುಷ್ಟಿಯೊಳಗೆ ಮುಳುಗಿ ಹೋಗುತ್ತಿತ್ತು. ಹಾಳೆಯ ಮೇಲೆ ನಿಲ್ಲಿಸಿ ಸುತ್ತ ಗೆರೆ ಎಳೆದು, ಆ ಗೆರೆಯ ಮೇಲೆ ಬೂಟನ್ನು ಇಟ್ಟೆ. ಎರಡೂ ಪಕ್ಕದಲ್ಲಿ ಬೂಟು ಹೊರಗೆ ಚಾಚಿಕೊಂಡಿತ್ತು. ದಾರ ಉದ್ದವನ್ನು ಹೇಳುತ್ತದೆ, ಸುತ್ತಳತೆಯನ್ನು ಹೇಳುವುದಿಲ್ಲ. ಸಡಿಲ ಎಂದವರಿಗೆ ನಾನು ಉದ್ದ ಕಡಿಮೆ ಮಾಡಿ ಕೊಟ್ಟಿದ್ದೆ.

ಕಿರಿದಾದ ಅಗಲದ ಬೂಟು ಸಿಗುವುದೇ ಎಂದು ಅಲ್ಲಿಂದಲೇ ಬೆಳಗಾವಿಗೆ ಫೋನ್ ಮಾಡಿದೆ. ಹೊರದೇಶದಿಂದ ತರಿಸಬೇಕು, ತಿಂಗಳು ಹಿಡಿಯುತ್ತದೆ ಎಂದ ಸಗಟು ವ್ಯಾಪಾರಿ. ನಮ್ಮಲ್ಲಿದ್ದದ್ದು ಒಂದು ವಾರ. ಐದರ ಜೊತೆಯನ್ನೇ ಸರಿಮಾಡಬೇಕು, ಬೇರೆ ದಾರಿಯಿಲ್ಲ.

ಮೊದಲು ದಪ್ಪ ಒಳಹಾಸು ಹಾಕಿದೆ. ಕಾಲು ಮೇಲೆದ್ದು ಹಿಮ್ಮಡ ಬೂಟಿನ ಹಿಂಬದಿಯ ಬಟ್ಟಲಿನಿಂದ ಇನ್ನಷ್ಟು ಹೊರಗೆ ಬಂತು. ತೆಳ್ಳನೆಯದು ಹಾಕಿ ಎರಡು ಸಾಕ್ಸು ತೊಡಿಸಿದೆ. ನೂರು ಮೀಟರ್ ಓಡಿ ಬಂದವಳು ಒಳಗೆ ಕಾಲು ತಿರುಗುತ್ತದೆ ಎಂದಳು. ಲೇಸನ್ನು ಕೊನೆಯ ತೂತಿನಲ್ಲಿ ಕುಣಿಕೆ ಮಾಡಿ ಹಿಮ್ಮಡ ಬಿಗಿಯುವ ಒಂದು ಕ್ರಮವಿದೆ, ಅದನ್ನೂ ಮಾಡಿದೆ. ಎಷ್ಟು ಎಳೆದರೂ ಅಷ್ಟೇ. ಆಗ ನೋಡಿದೆ, ಲೇಸಿನ ತೂತುಗಳ ಎರಡು ಸಾಲು ಒಂದಕ್ಕೊಂದು ತಾಗಿ ನಿಂತಿದ್ದವು. ನಡುವೆ ಜಾಗ ಇದ್ದರಲ್ಲವೇ ಬಿಗಿಯಲು ಬರುವುದು? ಇಲ್ಲಿ ಇನ್ನು ಎಳೆಯುವುದಕ್ಕೆ ಏನೂ ಉಳಿದಿರಲಿಲ್ಲ.

ಆ ಎರಡು ಸಾಲನ್ನು ಕತ್ತರಿಸಿ ತೆಗೆದು, ಒಂದೊಂದು ಬೆರಳು ಹಿಂದೆ ಹೊಸ ಸಾಲು ತೂತು ಹೊಡೆದರೆ ನಡುವೆ ಜಾಗ ಸಿಗುತ್ತದೆ. ಹೊಳೆದದ್ದಕ್ಕೆ ಖುಷಿಯಾಯಿತು, ಬಾಯಿಬಿಟ್ಟು ಹೇಳುವಾಗ ಭಯವಾಯಿತು. ಜಾಳಿಗೆ ಬಟ್ಟೆ ಹರಿದರೆ ಇದ್ದ ಒಂದು ಜೊತೆಯೂ ಹೋದಂತೆ. ಓಟದ ನಡುವೆ ಹರಿದರೆ ಹುಡುಗಿ ಮುಗ್ಗರಿಸುತ್ತಾಳೆ. ಸುಬೇದಾರರು ಸಾಧ್ಯವೇ ಇಲ್ಲ ಎಂದರು. ಹಳೆಯ ಬೂಟು ಚರ್ಮ ಸುಲಿದರೂ ಗುರಿಯವರೆಗೆ ಮುಟ್ಟಿಸುತ್ತದೆ, ಇದು ನಡುದಾರಿಯಲ್ಲಿ ಕೈಬಿಟ್ಟರೆ ಯಾರು ಹೊಣೆ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಹೊಣೆ ಎನ್ನಲು ನನಗೆ ಧೈರ್ಯ ಬರಲಿಲ್ಲ. ನಾನು ಹೊಣೆ ಹೊತ್ತರೂ ಓಡುವವಳು ಅವಳು.

ಆಗ ಹುಡುಗಿ ಮಾತಾಡಿದಳು.

"ಹಳೇ ಬೂಟಿನ್ಯಾಗ ಮೂರನೇದಾಕಿ ಆಗೂದು ನನಗ ಗೊತ್ತೈತಿ ಕಾಕಾ. ಇದರಾಗ ಏನ ಆಗತೈತೋ ಗೊತ್ತಿಲ್ಲ. ಕತ್ತರಿಸ್ರಿ."

ಹುಕ್ಕೇರಿ ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವ ಒಬ್ಬ ಮುದುಕರಿದ್ದರು. ನನ್ನ ಅಂಗಡಿಗೆ ಹಿಂದೆ ಕೈಹೊಲಿಗೆಯ ಚಪ್ಪಲಿ ಮಾಡಿ ಕೊಡುತ್ತಿದ್ದವರು. ಅವತ್ತೇ ಬೂಟನ್ನೂ ಹಾಳೆಯ ಗೆರೆಯನ್ನೂ ಹಿಡಿದುಕೊಂಡು ಅವರ ಬಳಿಗೆ ಹೋದೆ. ಅವರು ಬೂಟನ್ನು ಹಿಂದೆಮುಂದೆ ತಿರುಗಿಸಿ, ಜಾಳಿಗೆಯನ್ನು ಉಗುರಿನಿಂದ ಕೆರೆದು, ಇದು ಹೊಲಿಗೆ ತಡೆಯುವುದಿಲ್ಲ ಎಂದರು. ನನ್ನ ಮುಖ ಸಣ್ಣದಾಯಿತು. ಅವರು ಅದನ್ನು ನೋಡಿ ಸಾಮಾನಿನ ಡಬ್ಬಿ ಕೆದಕಿ ಆಡಿನ ತೊಗಲಿನ ಒಂದು ತುಂಡು ತೆಗೆದರು. ಕಾಗದದಷ್ಟು ತೆಳುವಾಗಿ ಹೆರೆದ ತೊಗಲು. ಅದನ್ನು ಒಳಗಡೆ ಪಟ್ಟಿಯಾಗಿ ಕೊಟ್ಟರೆ ಎಳೆತವೆಲ್ಲ ತೊಗಲಿನ ಮೇಲೆ ಬೀಳುತ್ತದೆ, ಬಟ್ಟೆ ಅದರ ಮೇಲೆ ಸುಮ್ಮನೆ ಕೂತಿರುತ್ತದೆ ಎಂದು ವಿವರಿಸಿದರು.

ನಾನು ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಎರಡು ಸಲ ಅಳೆದೆ, ಒರೆಸಿ ಮತ್ತೆ ಅಳೆದೆ. ಮುದುಕರು ನಕ್ಕು, ಹೆಣ್ಣು ಕೊಡುವವರ ಹಾಗೆ ಎಷ್ಟು ಯೋಚನೆ ಮಾಡುತ್ತೀರಿ ಎಂದರು. ಚಾಕು ಇಟ್ಟು ಹಳೆಯ ಸಾಲನ್ನು ಒಂದೇ ಎಳೆತಕ್ಕೆ ಕತ್ತರಿಸಿದರು. ಇನ್ನು ಹಿಂದೆ ಹೋಗುವಂತಿಲ್ಲ. ಅಂಚನ್ನು ಮಡಚಿ, ಒಳಗೆ ತೊಗಲಿನ ಪಟ್ಟಿ ಇಟ್ಟು, ಮೇಣ ಸವರಿದ ದಾರದಿಂದ ಎರಡು ಸಾಲು ಹೊಲಿದರು. ತೂತನ್ನು ತಣ್ಣನೆಯ ದಬ್ಬಣದಿಂದ ಹೊಡೆದರೆ ಎಳೆ ಬಿಚ್ಚಿಕೊಳ್ಳುತ್ತದೆಂದು, ದಬ್ಬಣವನ್ನು ಸ್ಟೋವಿನ ಉರಿಗೆ ಹಿಡಿದು ಕಾಯಿಸಿ ಒಂದೊಂದೇ ಚುಚ್ಚಿದರು. ಬಟ್ಟೆ ಸುತ್ತಲೂ ಕರಗಿ ಅಂಚು ಗಟ್ಟಿಯಾಗುತ್ತಿತ್ತು. ಬಲಗಾಲಿನದು ಚೆನ್ನಾಗಿ ಬಂತು. ಎಡಗಾಲಿನ ಎರಡನೆಯ ತೂತಿನಲ್ಲಿ ದಬ್ಬಣ ಹೆಚ್ಚು ಕಾದು ಬಟ್ಟೆ ಕಾಳಿನಷ್ಟು ಅಗಲ ಸುಟ್ಟಿತು.

ಮುದುಕರು ಅಲ್ಲಿಗೊಂದು ಸಣ್ಣ ತೇಪೆ ಹಾಕಿ, ತೊಗಲು ಹಿಡಿಯುತ್ತದೆ, ಬಟ್ಟೆಯ ಭರವಸೆ ನಾನು ಕೊಡುವುದಿಲ್ಲ ಎಂದರು. ನಾನು ಅದನ್ನು ದಡ್ಡಿಯಲ್ಲಿ ಹಾಗೆಯೇ ಹೇಳಿದೆ, ಮುಚ್ಚಿಡಲಿಲ್ಲ. ಹುಡುಗಿ ಆ ತೇಪೆಯ ಮೇಲೆ ಬೆರಳಾಡಿಸಿ ತಲೆಯಾಡಿಸಿದಳು.

ಕಪ್ಪಗಾದ ಉಗುರಿಗೆ ಹತ್ತಿ ಸುತ್ತಿ, ಬೂಟು ತೊಡಿಸಿ ಲೇಸು ಎಳೆದೆ. ಈ ಸಲ ನಾನೇ ಎಳೆದೆ, ಅವಳೂ ಕಾಲು ಎಳೆದುಕೊಳ್ಳಲಿಲ್ಲ. ಎರಡು ಅಂಚಿನ ನಡುವೆ ಒಂದು ಬೆರಳು ಜಾಗ ಉಳಿಯಿತು, ಹಿಮ್ಮಡ ಬಟ್ಟಲಿನಲ್ಲಿ ಕೂತಿತು. ಓಟಕ್ಕೆ ಮೂರು ದಿನ ಮುಂಚೆ ಆರು ಸುತ್ತು ವೇಗವಾಗಿ ಓಡಿಸಿ ನೋಡಿದರು. ಚರ್ಮ ಕೆಂಪಾಗಿರಲಿಲ್ಲ. ಸುಬೇದಾರರು ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಚಹಾ ಕುಡಿಯೋಣ ಬರ್ರಿ ಎಂದರು. ಆದರೆ ಆರು ಸುತ್ತು ಬೇರೆ, ಹನ್ನೆರಡೂವರೆ ಸುತ್ತು ಬೇರೆ. ಅದು ಇಬ್ಬರಿಗೂ ಗೊತ್ತಿತ್ತು.

ಮೂಡಲಗಿಗೆ ನಾನು ಅಂಗಡಿ ಮುಚ್ಚಿ ಹೋದೆ. ಹಾಗೆ ವ್ಯಾಪಾರದ ದಿನ ಅಂಗಡಿ ಮುಚ್ಚಿದ್ದು ತಂದೆ ತೀರಿಕೊಂಡಾಗ ಬಿಟ್ಟರೆ ಅದೇ ಮೊದಲು. ಮಣ್ಣಿನ ಮೈದಾನ, ಸುಣ್ಣದ ಗೆರೆ, ಒಂಬತ್ತು ಹುಡುಗಿಯರು. ಸೀಟಿ ಊದಿದರು. ನಾನು ತಿರುವಿನ ಬಳಿ ಹಗ್ಗಕ್ಕೆ ಆತುಕೊಂಡು ನಿಂತೆ, ಪಕ್ಕದಲ್ಲಿ ಸುಬೇದಾರರು.

ಓಟ ನೋಡುವುದು ನನಗೆ ಬರುವುದಿಲ್ಲ. ಯಾರು ಮುಂದೆ, ಯಾರು ಒಂದು ಸುತ್ತು ಹಿಂದೆ, ಮೂರನೆಯ ಸುತ್ತಿಗೇ ಎಲ್ಲ ಕಲಸಿಹೋಯಿತು. ನಾನು ನೋಡಿದ್ದು ಎಡಗಾಲಿನ ಎರಡನೆಯ ತೂತು. ಪ್ರತಿ ಸುತ್ತಿನಲ್ಲಿ ಅವಳು ತಿರುವಿಗೆ ಬಂದಾಗ ಎಂಟು ಹತ್ತು ಹೆಜ್ಜೆ ಆ ಬೂಟು ನನ್ನ ಕಣ್ಣ ಮುಂದೆ ಹಾಯುತ್ತಿತ್ತು, ಅಷ್ಟರಲ್ಲಿ ನೋಡಿಕೊಳ್ಳಬೇಕು. ನಾಲ್ಕು, ಐದು, ಆರು ಸುತ್ತು ಆಗುವವರೆಗೆ ಲೇಸು ನೆಟ್ಟಗಿತ್ತು.

ಎಂಟನೆಯ ಸುತ್ತಿನಲ್ಲಿ ಹರಿಯಿತು. ಬಟ್ಟೆ ಬಿಚ್ಚಿ ಅಲ್ಲಿ ಕಂದು ಬಣ್ಣದ ತೊಗಲು ಕಾಣುತ್ತಿತ್ತು, ಲೇಸು ಒಂದು ಕಡೆ ಸಡಿಲಾಗಿ ಹೊರಗೆ ಉಬ್ಬಿತ್ತು. ಸುಬೇದಾರರಿಗೆ ಹೇಳಲಿಲ್ಲ. ಹೇಳಿ ಮಾಡುವುದಾದರೂ ಏನು, ಓಡುವವಳನ್ನು ನಿಲ್ಲಿಸಿ ಹೊಲಿಯುವುದಕ್ಕೆ ಬರುತ್ತದೆಯೇ? ಮುದುಕರ ತೊಗಲೊಂದೇ ಉಳಿದದ್ದು. ಒಂಬತ್ತನೆಯ ಸುತ್ತಿಗೆ ಬಂದಾಗ ಉಬ್ಬು ಹಾಗೇ ಇತ್ತು. ಹತ್ತಕ್ಕೆ ಸ್ವಲ್ಪ ದೊಡ್ಡದಾದಂತೆ ಕಂಡಿತು, ಆದರೆ ಹಿಮ್ಮಡ ಬೂಟಿನೊಳಗೇ ಇತ್ತು. ಹನ್ನೊಂದರಲ್ಲಿ ಇನ್ನೊಬ್ಬ ಹುಡುಗಿ ಅಡ್ಡ ಬಂದು ಬೂಟು ಕಾಣಲಿಲ್ಲ, ಆ ಒಂದು ಸುತ್ತಿನ ಹೊತ್ತು ನಾನು ಹಗ್ಗವನ್ನು ಹೇಗೆ ಹಿಡಿದಿದ್ದೆನೆಂದರೆ ಮರುದಿನವೂ ಅಂಗೈ ಉರಿಯುತ್ತಿತ್ತು.

ಕೊನೆಯ ಸುತ್ತಿನ ಗಂಟೆ ಬಾರಿಸಿದರು. ಜನ ಕೂಗುತ್ತಿದ್ದರು. ಅವಳು ತಿರುವಿಗೆ ಬಂದಳು, ಲೇಸಿನ ಉಬ್ಬು ಪಟಪಟ ಬಡಿಯುತ್ತಿತ್ತು, ತೊಗಲು ಹಿಡಿದಿತ್ತು. ನಾನು ಹಗ್ಗದ ಗುಂಟ ಓಡಿದೆ, ಐವತ್ತೆಂಟು ವರ್ಷದ ಮೊಣಕಾಲು ಹೊತ್ತುಕೊಂಡು. ಗುರಿಯ ಗೆರೆ ದಾಟುವವರೆಗೆ, ದಾಟಿದ ಮೇಲೂ, ಆ ಎಡ ಬೂಟಿನಿಂದ ಕಣ್ಣು ತೆಗೆಯಲಿಲ್ಲ. ಅದು ನಿಧಾನವಾಯಿತು, ನಡೆಯಿತು, ನಿಂತಿತು. ಹಿಮ್ಮಡ ಹೊರಗೆ ಬಂದಿರಲಿಲ್ಲ, ರಕ್ತವಿರಲಿಲ್ಲ.

ಆಗ ನನಗೆ ಎಚ್ಚರವಾಯಿತು. ಎಷ್ಟನೆಯವಳಾಗಿ ಬಂದಳೆಂದು ನಾನು ನೋಡಿಯೇ ಇರಲಿಲ್ಲ. ಹಿಂದೆಯೇ ಓಡಿ ಬಂದ ಸುಬೇದಾರರ ತೋಳು ಹಿಡಿದು, ಎಷ್ಟನೇದಾಕಿ ಬಂದ್ಲರಿ ಎಂದು ಕೇಳಿದೆ. ಅವರು ಎರಡು ಬೆರಳು ಎತ್ತಿ ನನ್ನ ಮುಖದ ಮುಂದೆ ಹಿಡಿದರು. ನಾನು ಆ ಎರಡು ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡು ಅಲ್ಲೇ ಸುಣ್ಣದ ಗೆರೆಯ ಮೇಲೆ ಕೂತುಬಿಟ್ಟೆ.